ವೈನ್ ಬೀದಿಯ ಮಿಸ್ ಕೊರಿನ್

ಪಾದರಕ್ಷೆಯ ತುದಿಗೂ ಹಿಮ್ಮಡಿಗೂ ಲೋಹದ ಪಟ್ಟಿ ಬಡಿದುಕೊಂಡು, ಮರದ ನೆಲವನ್ನೇ ವಾದ್ಯವಾಗಿಸಿಕೊಂಡು ಕುಣಿಯುವ ಟ್ಯಾಪ್ ನೃತ್ಯವನ್ನು ಬೆಳ್ಳಿತೆರೆಗೆ ತಂದು, ಚಿತ್ರಮಂದಿರದಿಂದ ಹೊರಬಿದ್ದ ಜನ ಮನೆ ಮುಟ್ಟುವವರೆಗೂ ಕಾಲು ಸುಮ್ಮನಿರಲಾರದೆ ರಸ್ತೆಬದಿಯ ಕಲ್ಲುಹಾಸಿನ ಮೇಲೆ ತಾಳ ಹಾಕುತ್ತ ಹೋಗುವಂತೆ ಮಾಡಿದ ಕೆಲವೇ ಕಲಾವಿದರಲ್ಲಿ ಶ್ರೀಮತಿ ಕೊರಿನ್ ಹ್ಯಾಸ್ಕೆಲ್ ಅವರ ಸ್ಥಾನ ಬಹಳ ದೊಡ್ಡದು. 1937ರಿಂದ 1951ರವರೆಗೆ ಹಾಲಿವುಡ್‌ನ ಹದಿಮೂರು ಸಂಗೀತ ಚಿತ್ರಗಳಲ್ಲಿ ಅವರು ನಾಯಕಿಯಾಗಿ ಕುಣಿದರು. ಆ ಬಳಿಕ ಕಾನ್ಸಾಸ್ ನಗರದ ವೈನ್ ಬೀದಿಯಲ್ಲಿ, ಒಂದು ಕ್ಷೌರದಂಗಡಿಯ ಮಹಡಿಯ ಮೇಲೆ, ಮೂವತ್ತಾರು ವರ್ಷ ಮಕ್ಕಳಿಗೆ ಕುಣಿಯಲು ಕಲಿಸಿದರು. ಮೊದಲನೆಯದನ್ನು ಜಗತ್ತು ಬಲ್ಲದು. ಎರಡನೆಯದನ್ನು ನಮ್ಮ ಬೀದಿ ಬಲ್ಲದು. ಈ ವರ್ಷ, ತಮ್ಮ ಎಪ್ಪತ್ತೈದನೆಯ ವಯಸ್ಸಿನಲ್ಲಿ, ಅವರು ಶಾಲೆಯ ಹೊಣೆಯಿಂದ ನಿವೃತ್ತರಾಗುತ್ತಿರುವ ಸಂದರ್ಭಕ್ಕೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಈ ಸಂಪುಟವನ್ನು ಸಿದ್ಧಪಡಿಸಿದ್ದೇವೆ.

ಅವರ ವೃತ್ತಿಜೀವನವನ್ನು ಕುರಿತು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಎಂಟನೆಯ ವಯಸ್ಸಿನಲ್ಲಿ ಆ ಮಹಡಿ ಹತ್ತಿದ ನಾನು, ವರ್ಡೆಲ್ ಬ್ರಾಡಸ್, ಈಗ ಅದೇ ಶಾಲೆಯ ಶಿಕ್ಷಕಿ, ಅವರಿಂದ ಹೊಣೆ ವಹಿಸಿಕೊಂಡವಳು. ಅಪ್ಪಣೆ ಕೇಳಲು ಹೋದಾಗ ಮಿಸ್ ಕೊರಿನ್ ಕನ್ನಡಕ ತೆಗೆದಿಟ್ಟು ನನ್ನನ್ನು ನೋಡಿದರು.

"ಹೊಗಳ್ತೀಯೇನೇ?"

"ಹೊಗಳೋದಕ್ಕೇ ಅಲ್ವಾ ಮಿಸ್ ಕೊರಿನ್ ಪುಸ್ತಕ ಮಾಡ್ತಿರೋದು?"

"ಹಾಗಾದ್ರೆ ನನ್ನ ಹೇಡಿತನಾನೂ ಬರಿ. ಅದನ್ನ ಬಿಟ್ಟು ಬರೆದ್ರೆ ನಾನು ಆ ಸಮಾರಂಭಕ್ಕೇ ಬರಲ್ಲ, ತಿಳ್ಕೋ."

ಅಭಿನಂದನ ಗ್ರಂಥಗಳಲ್ಲಿ ಇಂಥ ಸಂಗತಿಗಳನ್ನು ಬರೆಯುವ ವಾಡಿಕೆ ಇಲ್ಲವೆಂಬುದು ನನಗೆ ಗೊತ್ತು. ಆದರೆ ಅವರಿಲ್ಲದ ಸಮಾರಂಭ ಇನ್ನೂ ದೊಡ್ಡ ವಾಡಿಕೆಭಂಗವಾದೀತೆಂದು, ಅವರು ಹೇಳಿದ್ದನ್ನೂ ನಾನು ಕಣ್ಣಾರೆ ಕಂಡದ್ದನ್ನೂ ಇದ್ದ ಹಾಗೆಯೇ ಇಲ್ಲಿ ನಿವೇದಿಸುತ್ತೇನೆ.

ಕೊರಿನ್ ಹ್ಯಾಸ್ಕೆಲ್ ಅವರು ಹುಟ್ಟಿದ್ದು 1915ರಲ್ಲಿ, ಮ್ಯಾಸಚೂಸೆಟ್ಸ್‌ನ ಫಾಲ್ ರಿವರ್ ಎಂಬ ಗಿರಣಿ ಊರಿನಲ್ಲಿ. ತಾಯಿ ಆಗ್ನೆಸ್ ಹತ್ತಿ ಗಿರಣಿಯಲ್ಲಿ ಒಬ್ಬರೇ ಎಂಟು ಮಗ್ಗ ನೋಡಿಕೊಳ್ಳುತ್ತಿದ್ದರು. ತಂದೆಯ ನೆನಪು ಮಗಳಿಗಿಲ್ಲ. ಇಂಗ್ಲೆಂಡಿನ ಗಿರಣಿಗಳಿಂದ ಬಂದಿದ್ದ ತಾತನಿಗೆ ಮರದ ಅಟ್ಟೆಯ ಬೂಟು ಹಾಕಿಕೊಂಡು ಅಡಿಗೆಮನೆಯ ನೆಲದ ಮೇಲೆ ಕುಣಿಯುವ ಗೀಳು. ಒಲೆಯ ಮೇಲೆ ಆಲೂಗಡ್ಡೆ ಬೇಯುತ್ತಿರುವಷ್ಟು ಹೊತ್ತು ಮೊಮ್ಮಗಳು ಅವರ ಎದುರು ನಿಂತು ಅವರ ಕಾಲಿಗೆ ಕಾಲು ಕೊಡುತ್ತಿದ್ದಳಂತೆ. ಹದಿನಾರು ತುಂಬಿದಾಗ ತಾಯಿಯ ಎರಡು ಕೈಚೀಲ ಎತ್ತಿಕೊಂಡು, ಟೋಪಿ ಹೊಲಿಯುತ್ತಿದ್ದ ಚಿಕ್ಕಮ್ಮನ ವಿಳಾಸ ಹಿಡಿದು ನ್ಯೂಯಾರ್ಕಿಗೆ ಹೊರಟರು. ಅಲ್ಲಿ ನಾಟಕ ಕಂಪನಿಗಳ ಬಾಗಿಲಲ್ಲಿ ಒಂಬತ್ತು ತಿಂಗಳು ನಿಂತರೂ ಯಾರೂ ಒಳಗೆ ಕರೆಯಲಿಲ್ಲ. ಕೊನೆಗೆ ಒಬ್ಬ ಪಿಯಾನೋ ವಾದಕ ಕನಿಕರಪಟ್ಟು, "ಹಾರ್ಲೆಮ್‌ನಲ್ಲಿ ಎಜ್ರಾ ಮಿಂಟನ್ ಅಂತ ಒಬ್ಬರಿದ್ದಾರೆ. ಅವರು ಬೇಡ ಅಂದ್ರೆ ಊರಿಗೆ ವಾಪಸ್ ಹೋಗ್ಬಿಡಮ್ಮ" ಎಂದರು.

ಎಜ್ರಾ ಮಿಂಟನ್ ಅವರನ್ನು ನಮ್ಮ ಬೀದಿಯವರೆಲ್ಲ ಮೇಷ್ಟ್ರು ಎಂದೇ ಕರೆಯುತ್ತಿದ್ದುದರಿಂದ ನಾನೂ ಇನ್ನು ಮುಂದೆ ಹಾಗೆಯೇ ಬರೆಯುತ್ತೇನೆ. ಕರಿಯ ಜನಾಂಗದ ಆ ಮಹಾ ನರ್ತಕರಿಗೆ ಆಗ ಮೂವತ್ತೆಂಟು ವಯಸ್ಸು. ದೇಶದ ಅರ್ಧ ರಂಗಮಂದಿರಗಳು ಅವರನ್ನು ಮುಂಬಾಗಿಲಿನಿಂದ ಒಳಗೆ ಬಿಡುತ್ತಿರಲಿಲ್ಲ. ಉಳಿದ ಅರ್ಧದಲ್ಲಿ ಕುಣಿಯುತ್ತಿದ್ದವರು ಅವರ ಹೆಜ್ಜೆಗಳನ್ನೇ ಕದ್ದು ಕುಣಿಯುತ್ತಿದ್ದರು. ನೆಲಮಾಳಿಗೆಯ ತಮ್ಮ ಕೋಣೆಯಲ್ಲಿ ಕುರ್ಚಿಯನ್ನು ಹಿಂದುಮುಂದಾಗಿ ಹಾಕಿಕೊಂಡು ಕುಳಿತು ಆ ಹುಡುಗಿಯ ಕುಣಿತವನ್ನು ಪೂರ್ತಿ ನೋಡಿದರು.

"ನಿನ್ನ ಬಲಗಾಲು ಕೂಗಾಡುತ್ತೆ," ಎಂದರು. "ಎಡಗಾಲನ್ನ ಎಲ್ಲಿಂದಾದ್ರೂ ಬಾಡಿಗೆಗೆ ತಂದಿದ್ದೀಯಾ?"

ಹುಡುಗಿ ಅತ್ತುಬಿಟ್ಟಳು.

"ಅಳೋದಾದ್ರೂ ತಾಳದಲ್ಲಿ ಅಳ್ತಿದ್ದೀಯ. ಸೋಮವಾರದಿಂದ ಬಾ."

ಮೊದಲ ಎರಡು ತಿಂಗಳು ಮೇಷ್ಟ್ರು ಅವರನ್ನು ಕುಣಿಯಲು ಬಿಡಲಿಲ್ಲ. ಕಣ್ಣು ಮುಚ್ಚಿ ಕೂರಿಸಿ, ತಾವು ಕುಣಿದು, ಈಗ ನೆಲಕ್ಕೆ ತಗುಲಿದ್ದು ತುದಿಯೋ ಹಿಮ್ಮಡಿಯೋ, ಎಡವೋ ಬಲವೋ ಎಂದು ಕೇಳುತ್ತಿದ್ದರು. ಕಾಲಿಗಿಂತ ಮೊದಲು ಕಿವಿ ಕುಣಿಯಬೇಕು ಎಂಬುದು ಅವರ ಪಾಠ. ಐದು ವರ್ಷ ಆ ನೆಲಮಾಳಿಗೆಯಲ್ಲಿ ಕಲಿತದ್ದನ್ನೇ ಮಿಸ್ ಕೊರಿನ್ ಮುಂದೆ ಹದಿಮೂರು ಚಿತ್ರಗಳಲ್ಲಿ ತೋರಿಸಿದರು.

1937ರಲ್ಲಿ ಕ್ರೆಸ್ಟ್‌ವ್ಯೂ ಸ್ಟುಡಿಯೋ ಅವರನ್ನು ಕರೆಸಿಕೊಂಡಾಗ, ಮೇಷ್ಟ್ರೂ ಜೊತೆಗೆ ಬರಬೇಕೆಂದು ಅವರು ಹಟ ಹಿಡಿದರು. ಸ್ಟುಡಿಯೋ ಒಪ್ಪಿತು, ತನ್ನದೇ ರೀತಿಯಲ್ಲಿ. ಮೇಷ್ಟ್ರ ಹೆಸರು ನೌಕರರ ಪಟ್ಟಿಯಲ್ಲಿ "ಸಹಾಯಕ" ಎಂದು ಸೇರಿತು. ಅವರು ಹಿಂದಿನ ಗೇಟಿನಿಂದ ಬರುತ್ತಿದ್ದರು. ನಟನಟಿಯರು ಊಟ ಮಾಡುವ ದೊಡ್ಡ ಹಜಾರಕ್ಕೆ ಅವರಿಗೆ ಪ್ರವೇಶವಿರಲಿಲ್ಲವಾದ್ದರಿಂದ ಬಡಗಿಗಳ ಶೆಡ್ಡಿನಲ್ಲಿ ಕುಳಿತು ಬುತ್ತಿ ಬಿಚ್ಚುತ್ತಿದ್ದರು. ಮಿಸ್ ಕೊರಿನ್ ಕೆಲವು ಮಧ್ಯಾಹ್ನ ಅಲ್ಲಿಗೇ ಹೋಗಿ ಅವರ ಜೊತೆ ಕುಳಿತದ್ದುಂಟು. "ಕೆಲವು ಮಧ್ಯಾಹ್ನ ಅಂತಲೇ ಬರಿ. ದಿನಾ ಹೋಗ್ತಿದ್ಲು ಅಂತ ಬರೀಬೇಡ" ಎಂದು ಅವರು ನನಗೆ ಎರಡು ಸಲ ಹೇಳಿದರು.

ಇನ್ನು, ಅವರಿಗೆ ಅತ್ಯಂತ ಕೀರ್ತಿ ತಂದ ಹಡಗುಕಟ್ಟೆಯ ನೃತ್ಯದ ಸಂಗತಿ. ಆಗಿನ ಚಿತ್ರಗಳಲ್ಲಿ ನೃತ್ಯವನ್ನು ಮೊದಲು ಸಂಗೀತಕ್ಕೆ ಕುಣಿಸಿ ಚಿತ್ರೀಕರಿಸುತ್ತಿದ್ದರು. ಕಾಲಿನ ಸದ್ದು ಆಗ ಸರಿಯಾಗಿ ದಾಖಲಾಗುತ್ತಿರಲಿಲ್ಲ. ಆಮೇಲೆ ನರ್ತಕಿ ಒಂದು ಕೋಣೆಯಲ್ಲಿ, ಪರದೆಯ ಮೇಲಿನ ತನ್ನ ಚಿತ್ರವನ್ನೇ ನೋಡುತ್ತ, ಮರದ ಹಲಗೆಯ ಮೇಲೆ ಅದೇ ಹೆಜ್ಜೆಗಳನ್ನು ಮತ್ತೆ ಕುಣಿಯಬೇಕು. ಜನ ಚಿತ್ರಮಂದಿರದಲ್ಲಿ ಕೇಳುತ್ತಿದ್ದುದು ಆ ಎರಡನೆಯ ಕುಣಿತದ ಸದ್ದನ್ನು. 1944ರ ವಸಂತದಲ್ಲಿ, ಮರದ ಪೆಟ್ಟಿಗೆಗಳ ಮೇಲೆ ಹಾರಿ ಹಾರಿ ಕುಣಿಯುವ ಆ ಮೂರೂವರೆ ನಿಮಿಷದ ನೃತ್ಯವನ್ನು ಒಂಬತ್ತು ದಿನ ಚಿತ್ರೀಕರಿಸಿದರು. ಒಂಬತ್ತನೆಯ ದಿನದ ಕೊನೆಯ ಜಿಗಿತದಲ್ಲಿ ಮಿಸ್ ಕೊರಿನ್ ಅವರ ಎಡಪಾದದ ಸಣ್ಣ ಮೂಳೆ ಮುರಿಯಿತು. ಚಿತ್ರ ಬಿಡುಗಡೆಯ ದಿನ ಗೊತ್ತಾಗಿಹೋಗಿತ್ತು. ಸದ್ದನ್ನು ಯಾರು ಕುಣಿಯಬೇಕು?

ಹೆಜ್ಜೆಗಳನ್ನು ಹೆಣೆದವರೇ ಕುಣಿದರು. ಐವತ್ತೊಂದು ವರ್ಷದ ಮೇಷ್ಟ್ರು ಒಂದು ಬೆಳಿಗ್ಗೆ ಹಿಂದಿನ ಗೇಟಿನಿಂದ ಬಂದು, ಕೋಟು ಕಳಚಿಟ್ಟು, ಪರದೆಯ ಮೇಲೆ ಕುಣಿಯುತ್ತಿದ್ದ ತಮ್ಮ ಶಿಷ್ಯೆಯ ಕಾಲುಗಳನ್ನು ನೋಡುತ್ತ, ಮಧ್ಯಾಹ್ನದೊಳಗೆ ಇಡೀ ನೃತ್ಯವನ್ನು ಹಲಗೆಯ ಮೇಲೆ ಮುಗಿಸಿಕೊಟ್ಟರು. ಅವರು ಬರಿಯ ಅನುಕರಣೆ ಮಾಡಲಿಲ್ಲ. ಚಿತ್ರದಲ್ಲಿ ಕಾಲು ಗಾಳಿಯಲ್ಲಿರುವ ಕಡೆ ಮೌನವನ್ನು ಎಷ್ಟು ಹೊತ್ತು ಹಿಡಿದಿಡಬೇಕು, ಇಳಿದ ಮೇಲೆ ಎಷ್ಟು ಮೆಲ್ಲಗೆ ಮಾತು ಶುರುಮಾಡಬೇಕು ಎಂಬುದನ್ನೆಲ್ಲ ಅವರ ಕಾಲೇ ಅಲ್ಲಿ ತೀರ್ಮಾನಿಸಿತು. ಮುರಿದ ಕಾಲಿಗೆ ಕಟ್ಟು ಹಾಕಿಸಿಕೊಂಡು ಕುರ್ಚಿಯಲ್ಲಿ ಕುಳಿತು ಕೇಳುತ್ತಿದ್ದ ಮಿಸ್ ಕೊರಿನ್ ಅವರಿಗೆ, ಇದು ತಾನು ಕುಣಿದಿರಬಹುದಾದದ್ದಕ್ಕಿಂತ ದೊಡ್ಡದಾಯಿತೆಂದು ಅಲ್ಲಿಯೇ ತಿಳಿಯಿತಂತೆ.

ಕೋಟು ಹಾಕಿಕೊಳ್ಳುತ್ತ ಮೇಷ್ಟ್ರು ಒಂದೇ ಮಾತು ಕೇಳಿದರು. "ಚಿತ್ರದ ಮೊದಲಲ್ಲಿ ಹೆಸರುಗಳನ್ನ ತೋರಿಸ್ತಾರಲ್ಲ, ಅಲ್ಲೆಲ್ಲಾದ್ರೂ ಮೂಲೇಲಿ ನಂದೂ ಒಂದು ಸೇರಿಸೋಕೆ ಆಗುತ್ತಾ, ಕೇಳ್ತೀಯಾ?"

ಮಿಸ್ ಕೊರಿನ್ ಊರುಗೋಲು ಹಿಡಿದು ಸ್ಟುಡಿಯೋ ಮುಖ್ಯಸ್ಥ ಬ್ರಾಂಟ್ ಅವರ ಕೋಣೆಗೆ ಹೋಗಿ ಕೇಳಿದರು. ಆತ ನಕ್ಕನು.

"ಕೊರಿನ್, ಜನ ನಿನ್ನ ಕಾಲು ನೋಡೋಕೆ ಬರ್ತಾರೆ. ಅದು ಬೇರೆಯವರ ಕಾಲು, ಅದೂ ಅವನ ಕಾಲು ಅಂತ ಗೊತ್ತಾದ್ರೆ ದಕ್ಷಿಣದ ರಾಜ್ಯಗಳಲ್ಲಿ ಒಂದು ಚಿತ್ರಮಂದಿರ ಕೂಡ ಇದನ್ನ ಹಾಕಲ್ಲ. ಇನ್ನೊಂದ್ ಸಲ ಈ ಮಾತೆತ್ತಿದ್ರೆ ಅವನೂ ಇರಲ್ಲ, ನೀನೂ ಇರಲ್ಲ."

ಮಿಸ್ ಕೊರಿನ್ ಇನ್ನೊಂದು ಸಲ ಆ ಮಾತೆತ್ತಲಿಲ್ಲ. ಚಿತ್ರ ಬಿಡುಗಡೆಯಾಯಿತು. ಕೊರಿನ್ ಹ್ಯಾಸ್ಕೆಲ್ ಅವರ ಪಾದಗಳು ಪಿಸುಗುಟ್ಟುತ್ತವೆ ಎಂದು ಪತ್ರಿಕೆಗಳು ಬರೆದವು. ಆ ವರ್ಷ ಅವರಿಗೆ ಬಂದ ಸನ್ಮಾನಗಳ ಪಟ್ಟಿ ಈ ಸಂಪುಟದ ಕೊನೆಯಲ್ಲಿದೆ. ಬ್ರಾಂಟ್ ಕೋಣೆಯ ಮಾತು ಬಡಗಿಗಳ ಶೆಡ್ಡಿನವರೆಗೂ ಬಂದಿತ್ತು. ಮೇಷ್ಟ್ರು ಜಗಳವಾಡಲಿಲ್ಲ, ಏನಾಯಿತೆಂದು ಶಿಷ್ಯೆಯನ್ನು ಕೇಳಲೂ ಇಲ್ಲ. ಇನ್ನೆರಡು ವರ್ಷ ಕೆಲಸ ಮಾಡಿ, 1946ರಲ್ಲಿ ಒಂದು ದಿನ ತಮ್ಮ ಅಕ್ಕನಿರುವ ಕಾನ್ಸಾಸ್ ನಗರಕ್ಕೆ ಹೋಗುವುದಾಗಿ ಹೇಳಿ ಹೊರಟುಹೋದರು.

ಐವತ್ತರ ದಶಕದ ಆರಂಭದಲ್ಲಿ ಸಂಗೀತ ಚಿತ್ರಗಳ ಕಾವು ಆರತೊಡಗಿತು. ಮನೆಮನೆಗೆ ಟೆಲಿವಿಷನ್ ಬಂತು. ಮಿಸ್ ಕೊರಿನ್ ಅವರ ಕರಾರನ್ನು ಸ್ಟುಡಿಯೋ ಮುಂದುವರಿಸಲಿಲ್ಲ. ಕ್ಲಾರಿನೆಟ್ ವಾದಕರೊಬ್ಬರೊಡನೆ ಆಗಿದ್ದ ಮದುವೆಯೂ ಅದೇ ಹೊತ್ತಿಗೆ ಸದ್ದಿಲ್ಲದೆ ಮುಗಿಯಿತು. 1954ರ ಜನವರಿಯಲ್ಲಿ, ಯಾರಿಗೂ ಹೇಳದೆ, ಅವರು ಕಾನ್ಸಾಸ್ ನಗರದ ರೈಲು ಹತ್ತಿದರು. ನಿಲ್ದಾಣದಲ್ಲಿ ಇಳಿದು ವೈನ್ ಬೀದಿಗೆ ಬಂದು, ಕ್ಷೌರದಂಗಡಿಯ ಪಕ್ಕದ ಮೆಟ್ಟಿಲು ಹತ್ತಿದಾಗ ಮೇಷ್ಟ್ರು ತಾವು ಅಲ್ಲಿ ತೆರೆದಿದ್ದ ನೃತ್ಯಶಾಲೆಯಲ್ಲಿ ಹನ್ನೊಂದು ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಬಾಗಿಲಲ್ಲಿ ನಿಂತ ಅತಿಥಿಯನ್ನು ನೋಡಿ ಬೆಂಚಿನ ಕಡೆ ಕೈ ತೋರಿಸಿ ಪಾಠ ಮುಂದುವರಿಸಿದರು. ಅರ್ಧ ಗಂಟೆಯ ಮೇಲೆ ತಿರುಗಿದರು.

"ಷೂ ತಂದಿದ್ದೀಯಾ?"

"ತಂದಿದ್ದೀನಿ. ಮಿಸ್ಟರ್ ಮಿಂಟನ್, ನಾನು ಬಂದಿದ್ದು ಯಾಕೆ ಅಂದ್ರೆ, ಆವತ್ತು ನಾನು…"

"ಮಾತು ಆಮೇಲೆ. ಷೂ ಹಾಕ್ಕೊಂಡು ಆ ಗಿಡ್ಡ ಹುಡುಗಿ ಪಕ್ಕ ನಿಂತ್ಕೋ. ಎಡಗಾಲು ಸೋಮಾರಿ ಆಗಿರುತ್ತೆ."

ಹೀಗೆ, ದೇಶವೆಲ್ಲ ಮುಖ ಗುರುತಿಸುತ್ತಿದ್ದ ತಾರೆ, ತಮ್ಮ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಏಳೆಂಟು ವರ್ಷದ ಮಕ್ಕಳ ನಡುವೆ ನಿಂತು ಮತ್ತೆ ಮೊದಲಿನಿಂದ ಶುರುಮಾಡಿದರು. ಒಂದು ವಾರಕ್ಕೆಂದು ಬಂದವರು ಬೀದಿಯ ಕೊನೆಯಲ್ಲಿ ಕೋಣೆ ಹಿಡಿದರು. ಹೇಳಬೇಕೆಂದು ಬಂದಿದ್ದ ಮಾತು ಮಾತ್ರ ಹಾಗೆಯೇ ಉಳಿಯಿತು. ಆಮೇಲೆ ಎಂದಿದ್ದ ಮೇಷ್ಟ್ರು ಅದನ್ನು ಮತ್ತೆ ಕೇಳಲಿಲ್ಲ. ಕೇಳದ ಹೊರತು ಹೇಳುವ ಧೈರ್ಯ ಶಿಷ್ಯೆಗೆ ಬರಲಿಲ್ಲ.

ಕರಿಯರ ಬೀದಿಗೆ ಬಂದು ನೆಲಸಿದ ಬಿಳಿಯ ಹೆಂಗಸನ್ನು ನಮ್ಮ ತಾಯಂದಿರು ತಟ್ಟನೆ ಒಪ್ಪಿಕೊಂಡರೆಂದು ಬರೆದರೆ ಸುಳ್ಳಾಗುತ್ತದೆ. 1957ರಲ್ಲಿ ನನ್ನನ್ನು ಶಾಲೆಗೆ ಸೇರಿಸಲು ಬಂದ ನನ್ನ ತಾಯಿ ಇಯೂಲಾ ಬ್ರಾಡಸ್, ಮಕ್ಕಳ ಷೂಗಳಿಗೆ ಲೋಹದ ಪಟ್ಟಿ ಬಡಿಯುತ್ತ ನೆಲದ ಮೇಲೆ ಕುಳಿತಿದ್ದ ಮಿಸ್ ಕೊರಿನ್ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಸಿನಿಮಾದೋರಿಗೆ ಅಲ್ಲಿ ಕೆಲಸ ಇಲ್ವೇನಮ್ಮ?"

"ಇಲ್ಲಮ್ಮ, ಬಿಡಿಸಿಬಿಟ್ರು," ಎಂದರು ಮಿಸ್ ಕೊರಿನ್, ಬಾಯಲ್ಲಿದ್ದ ಮೊಳೆಗಳನ್ನು ಕೈಗೆ ಉಗುಳಿಕೊಂಡು.

ಅಮ್ಮನಿಗೆ ಆ ಉತ್ತರ ಹಿಡಿಸಿತು. ಆದರೂ ಹಾಗೆಂದು ಒಪ್ಪಿಕೊಂಡದ್ದು ಎರಡು ವರ್ಷದ ಮೇಲೆ. ಆಗ ಅಮ್ಮ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆಂದು ಹದಿನಾರು ದಿನ ಆಸ್ಪತ್ರೆಯಲ್ಲಿದ್ದರು. ಅಪ್ಪ ಬೆಳಗಿನ ಪಾಳಿಗೆ ಮಾಂಸದ ಕಾರ್ಖಾನೆಗೆ ಹೋಗುತ್ತಿದ್ದರು. ಮೊದಲ ದಿನ ಬೆಳಿಗ್ಗೆ ಏಳು ಗಂಟೆಗೆ ಮಿಸ್ ಕೊರಿನ್ ಬಾಚಣಿಗೆ ಹಿಡಿದು ನಮ್ಮ ಬಾಗಿಲಿಗೆ ಬಂದರು. ನನ್ನ ಗುಂಗುರು ಕೂದಲ ಮೇಲೆ ಅವರು ನಡೆಸಿದ ಪ್ರಯೋಗವನ್ನು ವರ್ಣಿಸುವ ಶಕ್ತಿ ನನಗಿಲ್ಲ. ನಾನು ಶಾಲೆಗೆ ಹೊರಟಾಗ ಪಕ್ಕದ ಮನೆಯ ಅಜ್ಜಿ ಅಂಗಳದಿಂದಲೇ ಕೂಗಿದರು:

"ಯಾರೇ ಅದು ನಿನ್ನ ತಲೇಲಿ ಹಕ್ಕಿಗೂಡು ಕಟ್ಟಿದ್ದು?"

ಮಿಸ್ ಕೊರಿನ್ ಸಿಟ್ಟಾಗಲಿಲ್ಲ. ಅದೇ ಸಂಜೆ ಆ ಅಜ್ಜಿಯ ಕಾಲ ಬಳಿ ಕುಳಿತು, ಕೂದಲಿಗೆ ಎಣ್ಣೆ ಹಾಕುವುದನ್ನೂ ಬೈತಲೆ ತೆಗೆಯುವುದನ್ನೂ ಬಿಗಿಯಾಗಿ ಜಡೆ ಹೆಣೆಯುವುದನ್ನೂ ಕಲಿತರು. ಹದಿನಾರನೆಯ ದಿನ ಅಮ್ಮ ಮನೆಗೆ ಬಂದು ನನ್ನ ತಲೆಯನ್ನು ತಿರುಗಿಸಿ ತಿರುಗಿಸಿ ನೋಡಿ, ನಡೆಯಲು ಬಂದ ಮೊದಲ ವಾರದಲ್ಲೇ ಗೆಣಸಿನ ಕಡುಬೊಂದನ್ನು ಬೇಯಿಸಿ ಮಹಡಿಗೆ ಕಳಿಸಿದರು. ಅಲ್ಲಿಂದ ಮುಂದೆ ಯಾರಾದರೂ ಅವರನ್ನು ಸಿನಿಮಾದವಳು ಎಂದರೆ ಅಮ್ಮ, "ಅವರಿಗೊಂದು ಹೆಸರಿದೆ" ಎನ್ನುತ್ತಿದ್ದರು.

ಇನ್ನು ಹೇಳಬೇಕಾದದ್ದು 1961ರ ಸಂಗತಿ. ನ್ಯೂಯಾರ್ಕಿನ ಒಂದು ಟೆಲಿವಿಷನ್ ಕಾರ್ಯಕ್ರಮದವರು ಹಳೆಯ ಸಂಗೀತ ಚಿತ್ರಗಳ ತಾರೆಯರನ್ನು ಕರೆಸಿ ಮಾತಾಡಿಸುತ್ತಿದ್ದರು. ಮೂರು ಸಲ ಒಲ್ಲೆನೆಂದಿದ್ದ ಮಿಸ್ ಕೊರಿನ್ ನಾಲ್ಕನೆಯ ಸಲ ಒಪ್ಪಿಕೊಂಡರು. ಯಾಕೆಂದು ಮೇಷ್ಟ್ರಿಗೂ ಹೇಳಲಿಲ್ಲ. ಶನಿವಾರ ಸಂಜೆ ಕೆಳಗಿನ ಲಾನಿ ಟೀಸ್‌ಡೇಲ್ ಅವರ ಕ್ಷೌರದಂಗಡಿಯ ಟೆಲಿವಿಷನ್ ಮುಂದೆ ಅರ್ಧ ಬೀದಿಯೇ ಸೇರಿತ್ತು. ಅಪ್ಪನ ಜೊತೆ ನಾನೂ ಇದ್ದೆ. ಮೇಷ್ಟ್ರು ಕ್ಷೌರದ ಕುರ್ಚಿಯಲ್ಲಿ, ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು, ಒಂದು ಕೆನ್ನೆ ಬೋಳಿಸಿ ಇನ್ನೊಂದು ಕೆನ್ನೆಗೆ ನೊರೆ ಹಚ್ಚಿಸಿಕೊಂಡು ಕುಳಿತಿದ್ದರು. ಪರದೆಯ ಮೇಲೆ ಹಡಗುಕಟ್ಟೆಯ ನೃತ್ಯ ಬಂತು. ಮುಗಿದ ಮೇಲೆ ಕಾರ್ಯಕ್ರಮ ನಡೆಸುತ್ತಿದ್ದಾತ, ಇಂಥ ಸದ್ದನ್ನು ಆ ಪಾದಗಳಿಂದ ಹೇಗೆ ಹೊರಡಿಸಿದಿರಿ ಎಂದು ಕೇಳಿದ.

"ನಾನು ಹೊರಡಿಸಲಿಲ್ಲ," ಎಂದರು ಮಿಸ್ ಕೊರಿನ್. "ನನ್ನ ಕಾಲು ಮುರಿದಿತ್ತು. ನೀವು ಈಗ ಕೇಳಿದ್ದು ಎಜ್ರಾ ಮಿಂಟನ್ ಅವರ ಕಾಲನ್ನ. ಹದಿನೇಳು ವರ್ಷ ನಾನು ಬಾಯಿ ಮುಚ್ಕೊಂಡಿದ್ದೆ."

ಅಂಗಡಿಯಲ್ಲಿ ಸಿಳ್ಳೆ, ಕೇಕೆ, ಚಪ್ಪಾಳೆ. ಅಪ್ಪ ನನ್ನನ್ನು ಮೇಲೆತ್ತಿಬಿಟ್ಟರು. ಟೀಸ್‌ಡೇಲ್ ಅವರು ಕತ್ತಿ ಹಿಡಿದ ಕೈಯನ್ನೇ ಎತ್ತಿ, "ಮೇಷ್ಟ್ರೇ, ಕೇಳಿಸ್ತಾ?" ಎಂದು ಕೂಗಿದರು. ಮೇಷ್ಟ್ರು ಎದ್ದರು. ಕುತ್ತಿಗೆಯ ಬಟ್ಟೆಯನ್ನು ಬಿಚ್ಚಿ ಕುರ್ಚಿಯ ಮೇಲೆ ಹಾಕಿ, ನೊರೆ ಹಚ್ಚಿದ ಕೆನ್ನೆಯಲ್ಲೇ, ಯಾರ ಮುಖವನ್ನೂ ನೋಡದೆ ಹೊರಗೆ ನಡೆದುಬಿಟ್ಟರು. ಮೆಟ್ಟಿಲು ಹತ್ತುವ ಅವರ ಹೆಜ್ಜೆ ನಮಗೆಲ್ಲ ಕೇಳಿಸಿತು.

ಮಂಗಳವಾರ ಮಿಸ್ ಕೊರಿನ್ ಮರಳಿ ಬಂದರು. ಪಾಠಕ್ಕೆ ಬೇಗ ಬಂದಿದ್ದ ನಾನು ಮೆಟ್ಟಿಲ ಮೇಲೆ ಕುಳಿತಿದ್ದೆ. ಒಳಗಿನ ಮಾತು ಪೂರ್ತಿ ಕೇಳಿಸುತ್ತಿತ್ತು.

"ಯಾರನ್ನ ಕೇಳಿ ಹೇಳ್ದೆ?" ಮೇಷ್ಟ್ರ ದನಿ ಏರಿರಲಿಲ್ಲ.

"ನಿಮಗೆ ಸಲ್ಲಬೇಕಾದ್ದು ಅಂತ…"

"ಹದಿನೇಳು ವರ್ಷ ಆ ಮಾತನ್ನ ಜೇಬಲ್ಲಿ ಇಟ್ಕೊಂಡು ಓಡಾಡಿದೋನು ನಾನು. ನನಗೆ ಬಾಯಿ ಇರಲಿಲ್ವಾ? ಆವತ್ತು ಬ್ರಾಂಟ್ ಮುಂದೆ ಎರಡನೇ ಸಲ ಕೇಳಿದ್ರೆ ಅದು ನನಗೋಸ್ಕರ ಆಗ್ತಿತ್ತು. ಈಗ ಯಾರಿಗೋಸ್ಕರ? ಪೇಪರ್ ನೋಡ್ದೆಯಾ? ನಿನ್ನ ದೊಡ್ಡ ಮನಸ್ಸನ್ನ ಎಲ್ರೂ ಹೊಗಳಿದಾರೆ. ನನ್ನ ಕಾಲನ್ನ ಒಬ್ಬನಾದ್ರೂ ಹೊಗಳಿದಾನಾ, ತೋರ್ಸು."

ಆಮೇಲೆ ಮಿಸ್ ಕೊರಿನ್, "ನೀವು ಹೇಳ್ತಿರೋದು ನಿಜ" ಎಂದರು. ಅಷ್ಟೇ. ಸಮಜಾಯಿಷಿ ಹೇಳಲಿಲ್ಲ, ಅಳಲೂ ಇಲ್ಲ. ಹೊರಗೆ ಬಂದು ನನ್ನ ಪಕ್ಕ ಮೆಟ್ಟಿಲ ಮೇಲೆ ಕುಳಿತು, ನನ್ನ ಷೂವಿನ ಸಡಿಲಾದ ಪಟ್ಟಿಯನ್ನು ತಮ್ಮ ಕೈಚೀಲದ ತಿರುಪುಳಿಯಿಂದ ಬಿಗಿಮಾಡಿದರು.

ಮೇಷ್ಟ್ರು ಮೂರು ವಾರ ಅವರೊಡನೆ ಮಾತಾಡಲಿಲ್ಲ. ಮಿಸ್ ಕೊರಿನ್ ದಿನವೂ ಬಂದರು. ನೆಲ ಒರೆಸಿದರು, ಚಿಕ್ಕಮಕ್ಕಳ ಪಾಠ ನಡೆಸಿದರು. ನಾಲ್ಕನೆಯ ವಾರ, ಪಾಠ ಮುಗಿದ ಮೇಲೆ, ನಾವೆಲ್ಲ ಷೂ ಬಿಚ್ಚುತ್ತಿದ್ದಾಗಲೇ ಮೇಷ್ಟ್ರ ಮುಂದೆ ಹೋಗಿ ನಿಂತರು.

"ಮಿಸ್ಟರ್ ಮಿಂಟನ್, ನಾನು ಕೇಳ್ಬೇಕಾಗಿತ್ತು, ಕೇಳಲಿಲ್ಲ. ಈಗ ಕೇಳ್ತಿದ್ದೀನಿ. ನಿಮಗೆ ಏನು ಬೇಕು?"

ಮೇಷ್ಟ್ರು ಕಿಟಕಿಯ ಕಡೆ ನೋಡುತ್ತ ಗಲ್ಲ ಕೆರೆದುಕೊಂಡರು. "ಆ ಪಿಕ್ಚರ್‌ನ ರೀಲು ತರಿಸೋಕಾಗುತ್ತಾ?"

"ಪ್ರಯತ್ನ ಮಾಡ್ತೀನಿ."

"ತರಿಸು. ಅದರ ಸದ್ದು ತೆಗೆದುಬಿಡು. ಪರದೆ ಕೆಳಗೆ ನನಗೊಂದು ಹಲಗೆ ಹಾಕ್ಸು. ನಮ್ಮ ಜನ ನನ್ನ ಕಾಲನ್ನ ಕಣ್ಣಲ್ಲಿ ನೋಡ್ಲಿ."

ಆ ರೀಲಿಗಾಗಿ ಮಿಸ್ ಕೊರಿನ್ ಬರೆದ ಪತ್ರಗಳು ಒಂದು ಬೂಟಿನ ಪೆಟ್ಟಿಗೆಯ ತುಂಬ ಇವೆ. 1962ರ ಮೇ ತಿಂಗಳ ವಾರ್ಷಿಕೋತ್ಸವಕ್ಕೆ ಅದು ಬಂತು. ಮೇಷ್ಟ್ರಿಗೆ ಆಗ ಅರವತ್ತೊಂಬತ್ತು. ಅವರ ಹೃದಯ ಸರಿಯಿಲ್ಲವೆಂದು ವೈದ್ಯರು ಆ ಚಳಿಗಾಲದಲ್ಲೇ ಎಚ್ಚರಿಸಿದ್ದರು. ಚರ್ಚಿನ ಪಕ್ಕದ ಸಭಾಂಗಣದಲ್ಲಿ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ದೀಪ ಆರಿತು. ಪರದೆಯ ಮೇಲೆ ಇಪ್ಪತ್ತೊಂಬತ್ತು ವರ್ಷದ ಕೊರಿನ್ ಹ್ಯಾಸ್ಕೆಲ್, ಸದ್ದಿಲ್ಲದೆ, ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹಾರುತ್ತಿದ್ದರು. ಪರದೆಯ ಕೆಳಗೆ ಒಂದು ದೀಪದ ಬೆಳಕಿನಲ್ಲಿ, ಬೂದು ಬಣ್ಣದ ಸೂಟು ತೊಟ್ಟ ಮೇಷ್ಟ್ರು, ತಲೆಯೆತ್ತಿ ಅವರನ್ನು ನೋಡುತ್ತ, ಆ ಕಾಲುಗಳಿಗೆ ದನಿ ಕೊಡುತ್ತಿದ್ದರು.

ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದ ಪಕ್ಕದ ಬಟ್ಟೆಯ ಪರದೆಯ ಮರೆಯಲ್ಲಿ ನಾನು ಮಿಸ್ ಕೊರಿನ್ ಅವರ ಪಕ್ಕದಲ್ಲಿದ್ದೆ. ಎರಡು ನಿಮಿಷ ಎಲ್ಲವೂ ಸರಿಯಾಗಿ ನಡೆಯಿತು. ಮೂರನೆಯ ನಿಮಿಷದಲ್ಲಿ ಮೇಷ್ಟ್ರ ಹೆಜ್ಜೆ ಚಿತ್ರಕ್ಕಿಂತ ಹಿಂದೆ ಬೀಳತೊಡಗಿತು. ಆಮೇಲೆ ನಿಂತೇ ಹೋಯಿತು. ಅವರು ಸೊಂಟದ ಮೇಲೆ ಕೈಯಿಟ್ಟು, ಬಾಯಿ ತೆರೆದು ಉಸಿರೆಳೆಯುತ್ತಿದ್ದರು. ಮೇಲೆ ಚಿತ್ರ ತನ್ನಷ್ಟಕ್ಕೆ ಮೂಕವಾಗಿ ಓಡುತ್ತಿತ್ತು. ಮಿಸ್ ಕೊರಿನ್ ಅವರ ಕಾಲಲ್ಲೂ ಟ್ಯಾಪ್ ಷೂ ಇತ್ತು. ಆ ನೃತ್ಯದ ಒಂದೊಂದು ಹೆಜ್ಜೆಯೂ ಅವರಿಗೆ ಗೊತ್ತಿತ್ತು. ಹಲಗೆ ನಾಲ್ಕು ಮಾರು ದೂರದಲ್ಲಿತ್ತು. ನಾನು ಅವರ ಬಟ್ಟೆ ಎಳೆದು, "ಹೋಗಿ ಮಿಸ್ ಕೊರಿನ್, ಹೋಗಿ" ಎಂದು ಪಿಸುಗುಟ್ಟಿದೆ. ಅವರು ಬಟ್ಟೆಯ ಪರದೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಕಣ್ಣಿಂದ ನೀರು ಇಳಿಯುತ್ತಿತ್ತು. ಕಾಲು ಅಲುಗಲಿಲ್ಲ.

ಅಷ್ಟರಲ್ಲಿ ಮೇಷ್ಟ್ರು ನೆಟ್ಟಗಾದರು. ಪರದೆಯನ್ನು ನೋಡುವುದನ್ನು ಬಿಟ್ಟು ಜನರ ಕಡೆ ತಿರುಗಿದರು. ಚಿತ್ರವನ್ನು ಅದರ ಪಾಡಿಗೆ ಬಿಟ್ಟು, ನಿಲ್ಲಿಸಿದ ಜಾಗದಿಂದಲೇ, ತಮ್ಮ ಉಸಿರಿಗೆ ತಕ್ಕ ನಿಧಾನದಲ್ಲಿ ಉಳಿದ ಹೆಜ್ಜೆಗಳನ್ನು ಒಂದೊಂದಾಗಿ ಇಟ್ಟರು. ಚಿತ್ರ ಮುಗಿದು ಪರದೆ ಬರಿದಾಯಿತು. ಅವರು ಕುಣಿಯುತ್ತಲೇ ಇದ್ದರು. ಕೊನೆಯ ಹೆಜ್ಜೆಯನ್ನು, ನೆಲಕ್ಕೆ ನೋವಾದೀತೋ ಎಂಬಂತೆ, ಮೆಲ್ಲಗೆ ಇಳಿಸಿದರು. ಜನ ಎದ್ದು ನಿಂತ ಸದ್ದಿಗೆ ನಾನು ಕಿವಿ ಮುಚ್ಚಿಕೊಂಡೆ.

ಒಳಗೆ ಬಂದು ಕುರ್ಚಿಯಲ್ಲಿ ಕುಸಿದ ಮೇಷ್ಟ್ರಿಗೆ ಮಿಸ್ ಕೊರಿನ್ ನೀರು ಕೊಟ್ಟರು.

"ನಾನು ನಿಂತೆನಲ್ಲ, ಯಾಕೆ ಬರ್ಲಿಲ್ಲ?"

"ನೀವು ಕರೀಲಿಲ್ಲ."

ಮೇಷ್ಟ್ರು ಲೋಟದ ಮೇಲಿಂದ ಅವರನ್ನು ನೋಡಿದರು. "ನೀನು ಕಲಿತೆ ಕಣೇ," ಎಂದರು. ಆಮೇಲೆ, "ಆವತ್ತು ರೈಲಿಳಿದು ಬಂದಾಗ ಏನೋ ಹೇಳ್ಬೇಕು ಅಂತಿದ್ದೆಯಲ್ಲ, ಈಗ ಹೇಳು" ಎಂದರು. ಮಿಸ್ ಕೊರಿನ್ ನಮ್ಮನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಅಲ್ಲಿ ಆಡಿದ ಮಾತನ್ನು ಮಾತ್ರ ಅವರು ನನಗೆ ಹೇಳಿಲ್ಲ, ನಾನು ಕೇಳಿಯೂ ಇಲ್ಲ.

ಮೇಷ್ಟ್ರು ಇನ್ನೂ ಏಳು ವರ್ಷ ಬದುಕಿದ್ದು, 1969ರ ಶರತ್ಕಾಲದಲ್ಲಿ ತೀರಿಕೊಂಡರು. ಶಾಲೆ ಯಾರಿಗೆ ಸೇರಬೇಕೆಂದು ಅವರು ಬರೆದಿಟ್ಟಿರಲಿಲ್ಲ. ಮಿಸ್ ಕೊರಿನ್ ಮೇಷ್ಟ್ರ ಅಕ್ಕನ ಮನೆಗೆ ಹೋಗಿ, ಬೀದಿಯ ತಾಯಂದಿರನ್ನು ಕೂರಿಸಿ, "ನಾನು ಮುಂದುವರಿಸಲೋ ಬೇಡವೋ?" ಎಂದು ಕೇಳಿದರು. ಮೊದಲು ಕೈಯೆತ್ತಿದವರು ನನ್ನ ತಾಯಿ. ಅಲ್ಲಿಂದ ಇಪ್ಪತ್ತೊಂದು ವರ್ಷ ಅವರು ಆ ಶಾಲೆಯನ್ನು ನಡೆಸಿದರು. ತಮ್ಮ ಚಿತ್ರಗಳ ಒಂದು ಫೋಟೋವನ್ನೂ ಗೋಡೆಗೆ ಹಾಕಲಿಲ್ಲ. ಯಾವ ಹೆಜ್ಜೆ ಕಲಿಸಿದರೂ ಅದನ್ನು ಹೆಣೆದವರ ಹೆಸರನ್ನು ಮಕ್ಕಳಿಂದ ಮೊದಲು ಹೇಳಿಸುತ್ತಿದ್ದರು. ಹೆಸರು ಮರೆತವರು ಆವತ್ತು ಆ ಹೆಜ್ಜೆ ಕುಣಿಯುವಂತಿರಲಿಲ್ಲ. ನಮ್ಮಲ್ಲಿ ಯಾರು ಶಾಲೆ ಮುಗಿಸಲಿ, ಮದುವೆಯಾಗಲಿ, ಸೈನ್ಯಕ್ಕೆ ಹೋಗಲಿ, ಮುಂದಿನ ಸಾಲಿನಲ್ಲಿ ಅವರ ಹಸಿರು ಟೋಪಿ ಇರುತ್ತಿತ್ತು.

ನನಗೆ ಆದ ಉಪಕಾರವೊಂದನ್ನು ಹೇಳದೆ ಈ ಲೇಖನವನ್ನು ಮುಗಿಸಲಾರೆ. ಶಿಕಾಗೋದ ನೃತ್ಯ ಕಂಪನಿಯೊಂದರಲ್ಲಿ ಐದು ವರ್ಷ ಕುಣಿದು, ಮಂಡಿ ಕೆಟ್ಟು, 1974ರಲ್ಲಿ ನಾನು ಊರಿಗೆ ಮರಳಿದೆ. ನಾಲ್ಕು ತಿಂಗಳು ಮನೆಯಿಂದ ಹೊರಗೆ ಬರಲಿಲ್ಲ. ಮಿಸ್ ಕೊರಿನ್ ಬಂದರು. ಸಮಾಧಾನ ಹೇಳಲಿಲ್ಲ. "ಚಿಕ್ಕಮಕ್ಕಳ ತರಗತಿಗೆ ಕಿವಿ ಇರೋರು ಒಬ್ಬರು ಬೇಕಾಗಿದಾರೆ. ಕುರ್ಚಿಲಿ ಕೂತ್ಕೊಂಡೇ ಕಲಿಸ್ಬಹುದು. ನಿನಗೆ ಇಷ್ಟ ಇದೆಯಾ? ಇಲ್ಲ ಅಂದ್ರೂ ಬೇಜಾರಿಲ್ಲ" ಎಂದರು. ಉತ್ತರಕ್ಕಾಗಿ ಕಾದು ಕುಳಿತರು. ಅವರು ಕಾದ ಆ ಅರ್ಧ ಗಂಟೆಯಲ್ಲಿ ನನಗೆ ನನ್ನ ಬದುಕು ಮರಳಿ ಸಿಕ್ಕಿತು.

ಈ ಆಗಸ್ಟಿನಲ್ಲಿ ಅವರ ಸೊಂಟದ ಕೀಲಿಗೆ ಶಸ್ತ್ರಚಿಕಿತ್ಸೆಯಾಗಲಿದೆ. ಮತ್ತೆ ನಡೆದಾಡಬಹುದು, ಕುಣಿಯುವ ಮಾತು ಬೇಡ ಎಂದಿದ್ದಾರಂತೆ ವೈದ್ಯರು. ಅದನ್ನು ಕೇಳಿದ ಮಿಸ್ ಕೊರಿನ್ ಮೊನ್ನೆ ನನ್ನ ಮೇಜಿನ ಮುಂದೆ ಬಂದು ನಿಂತರು. ನಿವೃತ್ತರಾದ ಬಸ್ ಚಾಲಕರು, ಕಾರ್ಖಾನೆಯಿಂದ ಬಿಡುಗಡೆಯಾದ ಅಜ್ಜಂದಿರು, ಮಂಡಿನೋವಿನ ಅಜ್ಜಿಯರು, ಎಲ್ಲರಿಗೂ ಕುಳಿತಲ್ಲೇ ಕಾಲು ಕುಣಿಸುವುದನ್ನು ಕಲಿಸುವ ತರಗತಿಯೊಂದನ್ನು ಆರಂಭಿಸಲು ಶಾಲೆಯ ಈಗಿನ ಮುಖ್ಯಸ್ಥೆಯಾದ ನನ್ನ ಒಪ್ಪಿಗೆ ಇದೆಯೇ ಎಂದು ಬಹಳ ಗಂಭೀರವಾಗಿ ಕೇಳಿದರು.

ಪೂಜ್ಯರಾದ ಮಿಸ್ ಕೊರಿನ್, ಒಪ್ಪಿಗೆ ಇದೆ. ಅಕ್ಟೋಬರ್ ಮೊದಲ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಎಂದು ಫಲಕದಲ್ಲಿ ಬರೆಸಿದ್ದೇನೆ. ಹದಿನಾಲ್ಕು ಮಂದಿ ಹೆಸರು ಕೊಟ್ಟಿದ್ದಾರೆ. ಗಟ್ಟಿಯಾದ, ಕೈಯಿಲ್ಲದ ಕುರ್ಚಿಗಳನ್ನೇ ಹುಡುಕಿ ತರಿಸಿದ್ದೇನೆ, ನಿಮಗೂ ಸೇರಿ ಹದಿನೈದು. ವೈದ್ಯರ ಮಾತು ಕೇಳಿ, ಚೆನ್ನಾಗಿ ಉಣ್ಣಿ, ನಿದ್ದೆ ಮಾಡಿ. ನೂರು ತುಂಬುವವರೆಗೂ ನೀವು ನಮ್ಮ ತಪ್ಪುಗಳನ್ನು ಕೇಳಿಸಿಕೊಳ್ಳುತ್ತ, ತಿದ್ದುತ್ತ, ಈ ಬೀದಿಯ ಕಾಲುಗಳನ್ನು ಸುಮ್ಮನಿರಗೊಡದೆ ಬಾಳಬೇಕೆಂಬುದು ನಿಮ್ಮ ಮಕ್ಕಳೆಲ್ಲರ ಹಾರೈಕೆ.